ಅರವತ್ತು ಕುರ್ಚಿಗಳ ಮನೆ

ಇಸ್ರೇಲಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯೆಹೂದಿ ಅಜ್ಜಿಯನ್ನು ಸಾವ್ತಾ ಅನ್ನುತ್ತಿದ್ದೆ. ಮೊದಲ ಶುಕ್ರವಾರ ಮಧ್ಯಾಹ್ನ ಅವರು ನನ್ನಿಂದ ಫ್ರಿಜ್ಜಿನ ಬಲ್ಬ್ ಬಿಚ್ಚಿಸಿದರು. ಕೆಟ್ಟಿರಬೇಕು ಅಂದುಕೊಂಡು ಹೊಸ ಬಲ್ಬ್ ಎಲ್ಲಿದೆ ಅಂತ ಕೇಳಿದೆ. ಅವರು ನಕ್ಕರು. ಶಬ್ಬಾತ್ ಅಂದರೆ ಯೆಹೂದಿಗಳ ವಾರದ ವಿಶ್ರಾಂತಿಯ ದಿನ, ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ. ಅದು ಶುರುವಾದ ಮೇಲೆ ದೀಪ ಹಚ್ಚುವ ಹಾಗಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದರೆ ದೀಪ ತಾನಾಗಿ ಹತ್ತುತ್ತದೆ. ಹಾಗಾಗಿ ಬಲ್ಬೇ ಇರಬಾರದು. ಶನಿವಾರ ಕತ್ತಲಾಗಿ ಮೂರು ನಕ್ಷತ್ರ ಕಂಡ ಮೇಲೆ ಮತ್ತೆ ಹಾಕಬೇಕು. ಆರೂವರೆ ವರ್ಷ, ಪ್ರತಿ ವಾರ, ನಾನು ಆ ಬಲ್ಬ್ ಬಿಚ್ಚಿ ಹಾಕಿದ್ದೇನೆ.

ನಾನು ಬಂಟ್ವಾಳ ಕಡೆಯವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ, ಆಮೇಲೆ ನರ್ಸಿಂಗ್. ಕರಾವಳಿಯಿಂದ ಇಸ್ರೇಲಿಗೆ ಕೇರ್‌ಗಿವರ್ ಕೆಲಸಕ್ಕೆ ಹೋದವರು ಬಹಳ ಜನ. ಹೆಚ್ಚಿನವರಿಗೆ ಟೆಲ್ ಅವೀವ್, ಹೈಫಾ ಕಡೆ ಮನೆ ಸಿಗುತ್ತದೆ. ನನಗೆ 2015ರ ಜನವರಿಯಲ್ಲಿ ಸಿಕ್ಕಿದ್ದು ಎಲಾಜಾರ್ ಅನ್ನುವ ಊರು. ಏಜೆನ್ಸಿಯವರು 'ಜೆರುಸಲೇಮಿನ ಹತ್ತಿರ' ಅಂದಿದ್ದರು ಅಷ್ಟೇ. ಬಸ್ಸು ಸುರಂಗ ದಾಟಿ ದಕ್ಷಿಣಕ್ಕೆ ಹೋಗಿ, ಹಳದಿ ಗೇಟಿನ ಮುಂದೆ ನಿಂತು, ಹೆಗಲಿಗೆ ಬಂದೂಕು ಹಾಕಿದವನೊಬ್ಬ ಒಳಗೆ ಇಣುಕಿ ನೋಡಿದಾಗಲೇ ಇದು ಬೇರೆ ಥರದ ಊರು ಅಂತ ಗೊತ್ತಾಗಿದ್ದು.

ಬೆಟ್ಟದ ಮೇಲೆ ಸಾಲು ಸಾಲು ಮನೆ, ಕೆಂಪು ಹೆಂಚು. ಹೆಂಚು ನೋಡಿ ಊರು ನೆನಪಾಯಿತು. ಚಳಿ ಮಾತ್ರ ಊರಿನದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಒಂದೊಂದು ದಿನ ಮಂಜು ಇಳಿದರೆ ಎದುರಿನ ಮನೆ ಕಾಣುವುದಿಲ್ಲ.

ನಾನು ನೋಡಿಕೊಳ್ಳಬೇಕಾಗಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಪಾರ್ಕಿನ್ಸನ್ ಕಾಯಿಲೆ. ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ, ಅಜ್ಜನಿಗೆ ಸಾಬಾ. ಮೊಮ್ಮಕ್ಕಳು ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. 1975ರಲ್ಲಿ ಅಮೆರಿಕದಿಂದ ಬಂದು ಈ ಊರು ಕಟ್ಟಿದ ಗುಂಪಿನವರು ಇಬ್ಬರೂ. ಇಂಗ್ಲಿಷ್ ಬರುತ್ತಿದ್ದರಿಂದ ನಾನು ಬದುಕಿದೆ. ಮೊದಲು ಎಲ್ಲ ಆದಾಯವನ್ನೂ ಒಟ್ಟಿಗೆ ಹಾಕಿ ಹಂಚಿಕೊಳ್ಳುತ್ತಿದ್ದರಂತೆ. 'ಅದು ಹೆಚ್ಚು ಕಾಲ ನಡೆಯಲಿಲ್ಲ. ದೇವರ ವಿಷಯದಲ್ಲಿ ಒಂದಾಗಿರಬಹುದು, ದುಡ್ಡಿನ ವಿಷಯದಲ್ಲಿ ಕಷ್ಟ' ಅನ್ನುತ್ತಿದ್ದರು ಸಾಬಾ.

ಊರಿನ ಹೆಸರಿನ ಕಥೆ ಹೇಳಿದ್ದೂ ಅವರೇ. ಎಲಾಜಾರ್ ಅಂದರೆ ಹಿಂದೆ ಗ್ರೀಕ್ ರಾಜರ ವಿರುದ್ಧ ಹೋರಾಡಿದ ಯೆಹೂದಿಗಳಾದ ಮಕ್ಕಾಬಿ ಸೋದರರಲ್ಲಿ ಒಬ್ಬ. ಇಲ್ಲೇ ಹತ್ತಿರ ನಡೆದ ಯುದ್ಧದಲ್ಲಿ ಗ್ರೀಕರ ಆನೆಯ ಹೊಟ್ಟೆಗೆ ಕೆಳಗಿನಿಂದ ಇರಿದು, ಅದೇ ಆನೆ ಮೈಮೇಲೆ ಬಿದ್ದು ಸತ್ತವನು. ಈ ಕಥೆ ಇರುವ ಪುಸ್ತಕ ಯೆಹೂದಿಗಳ ಬೈಬಲಿನಲ್ಲಿ ಇಲ್ಲ, ನಮ್ಮ ಕಥೋಲಿಕ ಬೈಬಲಿನಲ್ಲಿ ಇದೆ! ರಾತ್ರಿ ತೆಗೆದು ಓದಿದೆ. 1 ಮಕ್ಕಾಬಿಯರು, 6ನೇ ಅಧ್ಯಾಯ. ಪ್ರತಿ ಆನೆಯ ಮೇಲೆ ಸೈನಿಕರ ಜೊತೆ ಒಬ್ಬ ಭಾರತದ ಮಾವುತ ಇದ್ದ ಅಂತ ಬರೆದಿದೆ. ಬೆಳಿಗ್ಗೆ ಸಾಬಾನಿಗೆ ಹೇಳಿದೆ: 'ಈ ಬೆಟ್ಟಕ್ಕೆ ಕೆಲಸಕ್ಕೆ ಬಂದವರಲ್ಲಿ ನಾನು ಮೊದಲನೆಯವಳಲ್ಲ.' ಆಮೇಲೆ ಮನೆಗೆ ಬಂದ ನೆಂಟರಿಗೆಲ್ಲ ಅವರು ಈ ಮಾತನ್ನು ಹೇಳಿದ್ದೇ ಹೇಳಿದ್ದು.

ಕಾಯಿಲೆಯ ಕೆಲಸ ನನಗೆ ಕಷ್ಟವಾಗಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಬೀಳದ ಹಾಗೆ ನಡೆಸಬೇಕು, ನುಂಗುವಾಗ ನೋಡಿಕೊಳ್ಳಬೇಕು. ಕಷ್ಟ ಇದ್ದಿದ್ದು ಅಡುಗೆಮನೆಯಲ್ಲಿ. ಎರಡು ಸಿಂಕ್, ಎರಡು ಸೆಟ್ ಪಾತ್ರೆ, ಎರಡು ಸೆಟ್ ಸೌಟು. ಕೆಂಪು ಗುರುತಿನದು ಮಾಂಸಕ್ಕೆ, ನೀಲಿ ಹಾಲಿಗೆ. ಮಾಂಸ ತಿಂದು ಆರು ಗಂಟೆ ಕಳೆಯುವವರೆಗೆ ಹಾಲು ಹಾಕಿದ ಚಹಾ ಇಲ್ಲ. ಎರಡನೇ ವಾರವೇ ನಾನು ಕೆಂಪು ಚಮಚದಿಂದ ನನ್ನ ಬಿಸಿ ಚಹಾ ಕಲಕಿದೆ. ಸಾಬಾ ಬೈಯಲಿಲ್ಲ. ಊರಿನ ರಬ್ಬಿಗೆ, ಅಂದರೆ ಧರ್ಮಗುರುವಿಗೆ, ಫೋನ್ ಮಾಡಿದರು. ರಬ್ಬಿ ಕೇಳಿದ್ದು ಡಾಕ್ಟರ್ ಕೇಳಿದ ಹಾಗೆ: ಚಹಾ ಎಷ್ಟು ಬಿಸಿ ಇತ್ತು? ಕಳೆದ 24 ಗಂಟೆಯಲ್ಲಿ ಆ ಚಮಚ ಬಿಸಿ ಮಾಂಸಕ್ಕೆ ತಾಗಿತ್ತಾ? ಕೊನೆಗೆ ಚಮಚವನ್ನು ಕುದಿಯುವ ನೀರಿಗೆ ಹಾಕಿ ತೆಗೆಯಿರಿ ಅಂದರು. ಅವತ್ತೇ ನಾನು ನನಗೊಂದು ಹಸಿರು ಚಮಚ, ಹಸಿರು ಲೋಟ ತಂದಿಟ್ಟುಕೊಂಡೆ.

ಇನ್ನೊಂದು ನಿಯಮ: ಯೆಹೂದಿಯಲ್ಲದವಳು ಒಬ್ಬಳೇ ಬೇಯಿಸಿದ ಅಡುಗೆ ಅವರಿಗೆ ಆಗುವುದಿಲ್ಲ. ಒಲೆಯನ್ನಾದರೂ ಅವರು ಹಚ್ಚಿರಬೇಕು. ಸಾಬಾ ಬೆಳಗ್ಗೆ ಬೇಗ ಪ್ರಾರ್ಥನೆಗೆ ಹೋಗಿಬಿಡುತ್ತಿದ್ದರು. ಹಾಗಾಗಿ ನಾನು ದಿನಾ ಸಾವ್ತಾರನ್ನು ಗಾಲಿಕುರ್ಚಿಯಲ್ಲಿ ಒಲೆಯ ಹತ್ತಿರ ತರುತ್ತಿದ್ದೆ. ಅವರ ಕೈ ನಡುಗುತ್ತಿತ್ತು. ಒಂದು ಬರ್ನರ್ ಹಚ್ಚಲು ಕೆಲವೊಮ್ಮೆ ಐದು ನಿಮಿಷ. ನಾನು ಅವರ ಮೊಣಕೈ ಹಿಡಿಯುತ್ತಿದ್ದೆ, ಗುಂಡಿ ತಿರುಗಿಸುವುದು ಅವರೇ. ಆ ಉರಿಯಿಂದ ಉಳಿದ ಬರ್ನರ್‌ಗಳನ್ನು ನಾನು ಹಚ್ಚಿಕೊಳ್ಳುತ್ತಿದ್ದೆ. ಫಿಸಿಯೋಥೆರಪಿಗಿಂತ ಅದೇ ಅವರಿಗೆ ಒಳ್ಳೆಯ ವ್ಯಾಯಾಮ ಆಗಿತ್ತು ಅಂತ ನನ್ನ ಲೆಕ್ಕ.

ವೈನ್ ವಿಷಯ ಯಾರೂ ಹೇಳಿರಲಿಲ್ಲ. ಒಂದು ಶುಕ್ರವಾರ ರಾತ್ರಿ ಮುಚ್ಚಳ ತೆಗೆದ ಬಾಟಲಿ ಎತ್ತಿ ಸಾಬಾನ ಲೋಟಕ್ಕೆ ಸುರಿದೆ. ಮೇಜಿನ ಸುತ್ತ ಒಂದು ಕ್ಷಣ ಮೌನ. ಯೆಹೂದಿಯಲ್ಲದವರು ಸುರಿದ ವೈನ್ ಅವರು ಕುಡಿಯುವಂತಿಲ್ಲ. ಮುಂದಿನ ವಾರದಿಂದ ಕುದಿಸಿ ಮಾಡಿದ ವೈನ್ ಬಂತು, ಅದಕ್ಕೆ ಈ ತೊಂದರೆ ಇಲ್ಲವಂತೆ. ಸಾಬಾ ಏನೂ ಹೇಳದೆ ಬಾಟಲಿ ಬದಲಿಸಿದ್ದು ಅವರ ಒಳ್ಳೆಯತನ. ಆದರೂ ನನಗೆ ಚುಚ್ಚಿತು. ಮುಟ್ಟಿದರೆ ಆಗುವುದಿಲ್ಲ ಅನ್ನುವುದು ನಮ್ಮ ಊರಿನವರಿಗೆ ಹೊಸ ಮಾತೇನಲ್ಲ, ಅಲ್ವಾ? ಗೊತ್ತಿರುವ ಮಾತಾದ್ದರಿಂದಲೇ ಚುಚ್ಚುತ್ತದೆ.

ಶಬ್ಬಾತ್ ದಿನ ನನ್ನನ್ನು ನೇರವಾಗಿ 'ದೀಪ ಹಾಕು' ಅನ್ನುವ ಹಾಗಿಲ್ಲ. ಕಾಯಿಲೆಯವರಿಗೆ ಬೇಕಾದ್ದನ್ನು ಕೇಳಬಹುದು, ಸುಮ್ನೆ ಅನುಕೂಲಕ್ಕೆ ಕೇಳುವಂತಿಲ್ಲ. ಆದರೆ ನಾನು ನನಗೋಸ್ಕರ ದೀಪ ಹಾಕಿಕೊಂಡರೆ ಆ ಬೆಳಕಿನಲ್ಲಿ ಅವರೂ ಕೂರಬಹುದು. ಹಾಗಾಗಿ ಶನಿವಾರ ಸಂಜೆ ನಾನು ನಡುಮನೆಯಲ್ಲಿ ಕೂತು ಬಟ್ಟೆಗೆ ಗುಂಡಿ ಹೊಲಿಯುವ ಅಭ್ಯಾಸ ಮಾಡಿಕೊಂಡೆ. ಗುಂಡಿ ಕಿತ್ತ ಬಟ್ಟೆ ಖಾಲಿಯಾದ ಮೇಲೆ ಊರಿಗೆ ಕಾಗದ ಬರೆದೆ. ಪೆಸಾಖ್ ಹಬ್ಬದ ಏಳು ದಿನ ಮಾತ್ರ ನನಗೆ ಒಗ್ಗಲೇ ಇಲ್ಲ. ಯುರೋಪಿನ ಮೂಲದ ಯೆಹೂದಿಗಳು ಆಗ ಅನ್ನವನ್ನೂ ತಿನ್ನುವುದಿಲ್ಲ. ಅಕ್ಕಿ, ಉದ್ದು ಎಲ್ಲ ಕಪಾಟಿನೊಳಗೆ, ಬಾಗಿಲಿಗೆ ಟೇಪ್. ಬರೀ ಆಲೂಗಡ್ಡೆ ಮತ್ತು ಹುಳಿ ಬರಿಸದ ಮಟ್ಜಾ ರೊಟ್ಟಿ. ಆಗ ಇಟ್ಟುಕೊಳ್ಳಬಾರದ, ಹುಳಿ ಬಂದ ಗೋಧಿಯ ಪದಾರ್ಥವನ್ನೆಲ್ಲ ರಬ್ಬಿಯ ಮೂಲಕ ಯೆಹೂದಿಯಲ್ಲದವರೊಬ್ಬರಿಗೆ ಕಾಗದದ ಮೇಲೆ ಮಾರುತ್ತಾರೆ. 'ನಾನಿಲ್ಲೇ ಇದ್ದೀನಲ್ಲ, ನನಗೇ ಮಾರಿ' ಅಂದೆ. 'ನೀನು ವಾಪಸ್ ಕೊಡುವುದಿಲ್ಲ' ಅಂದರು ಸಾಬಾ.

ಈಗ ಕುರ್ಚಿಗಳ ವಿಷಯ. ಮನೆಯ ಕೆಳಗಿನ ಕೋಣೆಯಲ್ಲಿ 60 ಬಿಳಿ ಪ್ಲಾಸ್ಟಿಕ್ ಕುರ್ಚಿ, ಎಂಟು ಮಡಚುವ ಮೇಜು, ಐದು ತೊಟ್ಟಿಲು ಇದ್ದವು. ಇದಕ್ಕೆ ಗೆಮಾಖ್ ಅನ್ನುತ್ತಾರೆ. ಬೇಕಾದವರು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದಿಡುವುದು. ಬಾಡಿಗೆ ಇಲ್ಲ. ಒಂದೊಂದು ಮನೆಯಲ್ಲಿ ಒಂದೊಂದು: ಒಬ್ಬರಲ್ಲಿ ಮದುವೆಯ ಬಟ್ಟೆ, ಇನ್ನೊಬ್ಬರಲ್ಲಿ ರಾತ್ರಿ ಹೊತ್ತಿಗೆ ಬೇಕಾಗುವ ಔಷಧಿ. ಸಾವ್ತಾ ಕೈಲಾಗದೇ ಹೋದ ಮೇಲೆ ಲೆಕ್ಕದ ಪುಸ್ತಕ ನನಗೆ ಬಂತು. ಊರು ಬೆಳೆಯುವುದನ್ನು ನಾನು ನೋಡಿದ್ದು ಆ ಪುಸ್ತಕದಲ್ಲಿ. 2015ರಲ್ಲಿ ಒಂದು ತೊಟ್ಟಿಲಾದರೂ ಮೂಲೆಯಲ್ಲಿ ಖಾಲಿ ಇರುತ್ತಿತ್ತು. 2018ಕ್ಕೆ ಹೆಸರು ಬರೆಸಿ ಕಾಯಬೇಕಾಯಿತು. ಐದಾರು ಮಕ್ಕಳಿರುವ ಮನೆ ಅಲ್ಲಿ ಮಾಮೂಲು. ಬಾಣಂತಿಯ ಮನೆಗೆ ಎರಡು ವಾರ ಅಕ್ಕಪಕ್ಕದವರು ಸರದಿಯಲ್ಲಿ ಊಟ ಕಳಿಸುತ್ತಾರೆ. ನಮ್ಮ ಸರದಿ ಬಂದಾಗ ನಾನು ತೆಂಗಿನಹಾಲು ಹಾಕಿ ಕೋಳಿ ಸಾರು ಮಾಡುತ್ತಿದ್ದೆ. ತೆಂಗಿನಹಾಲು ಅವರ ಲೆಕ್ಕದಲ್ಲಿ ಹಾಲಲ್ಲ, ಮಾಂಸಕ್ಕೆ ಹಾಕಬಹುದು. ಈ ಒಂದು ವಿಷಯದಲ್ಲಿ ನಾನು ಆ ಬೀದಿಗೇ ಗುರು.

ತೊಟ್ಟಿಲ ಮಕ್ಕಳು ದೊಡ್ಡವರಾಗುತ್ತಾರೆ. ಹುಡುಗರು ಯೆಶಿವಾದಲ್ಲಿ, ಅಂದರೆ ಧರ್ಮದ ಪಾಠಶಾಲೆಯಲ್ಲಿ, ಓದು, ಸೈನ್ಯ ಎರಡನ್ನೂ ಸೇರಿಸಿದ ಐದು ವರ್ಷದ ಹಾದಿ ಹಿಡಿಯುತ್ತಾರೆ. ಹುಡುಗಿಯರು ಶಾಲೆ, ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಸೇವೆ ಮಾಡುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಮದುವೆ. ಮತ್ತೆ ಇದೇ ಊರಲ್ಲಿ ಮನೆ ಬೇಕು. ಮನೆ ಇಲ್ಲ. ಊರಿನ ಅಂಚಿಗೆ ಕ್ಯಾರವಾನ್ ಬರುತ್ತದೆ, ಅಂದರೆ ತಗಡಿನ ಪೆಟ್ಟಿಗೆಯಂಥ ಮನೆ. ಹೊರಗಿನಿಂದ ಬರುವವರನ್ನು ಸಮಿತಿಯವರು ಕೂರಿಸಿ ಮಾತಾಡಿಸಿ ಸೇರಿಸಿಕೊಳ್ಳುತ್ತಾರೆ. ಆಮೇಲೆ ಪಕ್ಕದ ಬೆಟ್ಟ.

ಸಾವ್ತಾನ ಮನೆಯಲ್ಲೇ ಮೊಮ್ಮಗಳಿಗಾಗಿ ಒಂದು ಕೋಣೆ ಕಟ್ಟಿಸಿದರು. ಕಟ್ಟಲು ಬಂದ ಮೇಸ್ತ್ರಿ ಪಕ್ಕದ ಅಲ್ ಖದರ್‌ನ ಪ್ಯಾಲೆಸ್ತೀನಿ. ಅವರು ಕೆಲಸ ಮಾಡುವಷ್ಟು ಹೊತ್ತೂ ಬಂದೂಕಿನ ಕಾವಲುಗಾರನೊಬ್ಬ ನೆರಳಲ್ಲಿ ಕುರ್ಚಿ ಹಾಕಿ ಕೂರಬೇಕು, ಅದು ನಿಯಮ. ಕುರ್ಚಿ ನಮ್ಮ ಗೆಮಾಖ್‌ನದೇ. ನನ್ನ ಹೀಬ್ರೂ, ಮೇಸ್ತ್ರಿಯ ಹೀಬ್ರೂ ಎರಡೂ ಕೆಲಸದವರ ಹೀಬ್ರೂ, ಹಾಗಾಗಿ ಚೆನ್ನಾಗಿ ಹೊಂದಿತು. ನನ್ನನ್ನು 'ಉಖ್ತಿ' ಅನ್ನುತ್ತಿದ್ದರು, ಅಕ್ಕತಂಗಿಯರನ್ನು ಕರೆಯುವ ಹಾಗೆ. 'ನಿನಗೂ ಪರ್ಮಿಟ್, ನನಗೂ ಪರ್ಮಿಟ್. ನೀನು ವಿಮಾನದಲ್ಲಿ ಬಂದೆ, ನಾನು ಆ ಗುಡ್ಡದಿಂದ ಬಂದೆ' ಅಂದರು ಒಮ್ಮೆ. ಅಡುಗೆಮನೆ ಕಿಟಕಿಯಿಂದ ಕಾಣುವ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ ಇತ್ತು. ಎರಡು ವರ್ಷ ದಿನಾ ನೋಡಿದ್ದೆ. ಅದು ಅವರ ಚಿಕ್ಕಪ್ಪನದು ಅಂತ ಅವತ್ತು ಗೊತ್ತಾಯಿತು. ಸಾವ್ತಾ ಅದೇ ಕಿಟಕಿಯಿಂದ ನೋಡಿ 'ಎಷ್ಟು ಖಾಲಿ, ಎಷ್ಟು ಸುಂದರ' ಅನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೇ ಕಾಣುತ್ತಿತ್ತು.

ಈ ನೆಲ, ಅಂದರೆ ವೆಸ್ಟ್ ಬ್ಯಾಂಕ್, ಇಸ್ರೇಲ್ 1967ರ ಯುದ್ಧದಲ್ಲಿ ಹಿಡಿದದ್ದು. ಅಲ್ಲಿ ಕಟ್ಟಿದ ಇಂಥ ಊರುಗಳು, ಅಂದರೆ ವಸಾಹತುಗಳು, ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು ಜಗತ್ತಿನ ಹೆಚ್ಚಿನ ದೇಶಗಳು ಹೇಳುತ್ತವೆ, ಇಸ್ರೇಲ್ ಒಪ್ಪುವುದಿಲ್ಲ. ಸಾಬಾನನ್ನು ಕೇಳಿದರೆ ಕಥೆ 1967ಕ್ಕಿಂತ ಮುಂಚೆ ಶುರುವಾಗುತ್ತದೆ. ಹತ್ತಿರದ ಕ್ಫಾರ್ ಎತ್ಸಿಯೋನ್ ಅನ್ನುವ ಯೆಹೂದಿ ಊರು 1943ರಲ್ಲಿ ಹುಟ್ಟಿತ್ತು. 1948ರ ಮೇ 13ರಂದು ಅರಬ್ ಪಡೆಗಳ ಕೈಗೆ ಬಿತ್ತು, ಅಲ್ಲಿದ್ದವರಲ್ಲಿ ಬದುಕಿದವರು ಬೆರಳೆಣಿಕೆ. 1967ರಲ್ಲಿ ಆ ಊರಿನವರ ಮಕ್ಕಳೇ ವಾಪಸ್ ಬಂದರು. 'ನಾವು ಬಂದಿದ್ದಲ್ಲ, ಹಿಂತಿರುಗಿದ್ದು' ಅನ್ನುತ್ತಿದ್ದರು ಸಾಬಾ. ಮೇಸ್ತ್ರಿಗೂ ಒಂದು ಕಥೆ ಇತ್ತು, ಅದರಲ್ಲೂ ಅಜ್ಜ, ಬಳ್ಳಿ, ಕಾಗದಪತ್ರ ಇದ್ದವು. ಇಬ್ಬರೂ ನನಗೆ ಹೇಳಿದರು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದನ್ನು ನಾನು ನೋಡಲಿಲ್ಲ. ಅವರ ನಡುವೆ ನಡೆದ ಮಾತೆಲ್ಲ ಸಿಮೆಂಟ್, ಕಿಟಕಿ ಚೌಕಟ್ಟು, ದುಡ್ಡು.

2016ರ ಡಿಸೆಂಬರ್ 23, ಶುಕ್ರವಾರ ರಾತ್ರಿ. ವಸಾಹತುಗಳ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2334ನೇ ನಿರ್ಣಯ ಅಂಗೀಕರಿಸಿದ ಸುದ್ದಿ ನನ್ನ ಕೋಣೆಯಲ್ಲಿ ನನ್ನ ಫೋನಿಗೆ ಬಂತು. ಶಬ್ಬಾತ್ ಆದ್ದರಿಂದ ಇಡೀ ಊರಿನ ಫೋನು, ರೇಡಿಯೋ ಬಂದ್. ಆ ಬೀದಿಯಲ್ಲಿ ಬಹುಶಃ ಗೊತ್ತಿದ್ದವಳು ನಾನೊಬ್ಬಳೇ. ಮರುದಿನ ಪೂರ್ತಿ ಬಾಯಿ ಬಿಗಿಹಿಡಿದೆ. ಸಂಜೆ ಬಲ್ಬ್ ಹಾಕಿದೆ, ಹನುಕ್ಕಾ ಹಬ್ಬದ ಮೊದಲ ದೀಪ ಹಚ್ಚಿದರು, ಸಾಬಾ ರೇಡಿಯೋ ತಿರುಗಿಸಿದರು, ಮುಖ ಗಟ್ಟಿಯಾಯಿತು. ನಾನು ಕೋಟು ಹಾಕಿಕೊಂಡು ಹೊರಟೆ. ಅವತ್ತು ಕ್ರಿಸ್ಮಸ್ ಹಿಂದಿನ ರಾತ್ರಿ. ಬೆತ್ಲೆಹೆಮ್ ಅಲ್ಲಿಂದ ಹತ್ತು ಕಿಲೋಮೀಟರಿಗೂ ಕಡಿಮೆ. ಆದರೆ ನಾನು ಬಸ್ಸಿನಲ್ಲಿ ಜೆರುಸಲೇಮಿಗೆ ಹೋಗಿ, ದಮಸ್ಕಸ್ ಗೇಟಿನ ಹತ್ತಿರ ಅರಬ್ ಬಸ್ ಹಿಡಿದು, ಚೆಕ್‌ಪಾಯಿಂಟ್ ದಾಟಿ ಹೋಗಬೇಕು. ಸಾವ್ತಾ ಹೋಗುವ ಹಾಗೇ ಇಲ್ಲ, ಇಸ್ರೇಲಿಗಳಿಗೆ ಪ್ರವೇಶವಿಲ್ಲ ಅಂತ ಕೆಂಪು ಬೋರ್ಡು. ಮೇಸ್ತ್ರಿಗೆ ಬೆತ್ಲೆಹೆಮ್ ಪಕ್ಕದ ಬೀದಿ, ಜೆರುಸಲೇಮ್ ದೂರ. ನಮ್ಮ ಪಾಸ್‌ಪೋರ್ಟಿನ ಬೆಲೆ ನನಗೆ ತಿಳಿದದ್ದು ಅಲ್ಲಿ: ಮೂವರಲ್ಲಿ ಎರಡೂ ಕಡೆ ಓಡಾಡಬಲ್ಲವಳು ಬಂಟ್ವಾಳದವಳು.

2018ರ ಜೂನ್ ಮಾತ್ರ ಮರೆಯುವಂಥದ್ದಲ್ಲ. ಪಕ್ಕದ ಬೆಟ್ಟದ ನೆತಿವ್ ಹಾ-ಅವೋತ್‌ನಲ್ಲಿ 15 ಮನೆಗಳನ್ನು ಕೆಡವಿದರು. ಅವು ನಿಂತ ನೆಲದಲ್ಲಿ ಪ್ಯಾಲೆಸ್ತೀನಿಯರ ಖಾಸಗಿ ಜಮೀನಿದೆ ಎಂದು ಇಸ್ರೇಲಿನದೇ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿತ್ತು. ಹಿಂದಿನ ರಾತ್ರಿ ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರು ನಮ್ಮ ಮನೆಯ ನೆಲದಲ್ಲಿ ಮಲಗಿದರು. ಕುರ್ಚಿಗಳೆಲ್ಲ ಆ ಬೆಟ್ಟಕ್ಕೆ ಹೋದವು. ಬೆಳಿಗ್ಗೆ ಪೊಲೀಸರು ಜನರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಹೊರಗೆ ತಂದರು. ಸಾವ್ತಾ ಟಿವಿ ನೋಡುತ್ತಾ ಅತ್ತರು. ಆ ಮನೆಗಳ ತೊಟ್ಟಿಲೊಂದು ನನ್ನ ಪುಸ್ತಕದಲ್ಲಿತ್ತು, ನನಗೂ ಕಣ್ಣಲ್ಲಿ ನೀರು ಬಂತು. ಎರಡು ದಿನ ಬಿಟ್ಟು ಮೇಸ್ತ್ರಿ ಬಂದರು. ಅವರು ಆ ವಿಷಯ ಎತ್ತಲಿಲ್ಲ. ಒಂದು ಚೀಲ ದ್ರಾಕ್ಷಿ ಎಲೆ ಕೊಟ್ಟು ಕೆಲಸಕ್ಕೆ ಹೋದರು. ಎಲೆಯಲ್ಲಿ ಹುಳು ಇದೆಯಾ ಅಂತ ಬೆಳಕಿಗೆ ಹಿಡಿದು ಒಂದೊಂದೇ ನೋಡಿದೆ, ಆ ಮನೆಯ ನಿಯಮದ ಹಾಗೆ. ಅನ್ನ ತುಂಬಿಸಿ ಬೇಯಿಸಿದೆ. ಒಲೆ ಹಚ್ಚಿದ್ದು ಸಾವ್ತಾ.

2021ರ ಜೂನ್‌ನಲ್ಲಿ ಸಾವ್ತಾ ನಿದ್ದೆಯಲ್ಲೇ ಹೋದರು. ಅದೇ ದಿನ ಮಣ್ಣು ಮಾಡಿದರು. ಏಳು ದಿನ ಶಿವಾ, ಅಂದರೆ ಸತ್ತವರಿಗಾಗಿ ಶೋಕ. ಮನೆಯವರು ಕುಳ್ಳಗಿನ ಸ್ಟೂಲಿನ ಮೇಲೆ ಕೂರುತ್ತಾರೆ, ಕನ್ನಡಿಗೆ ಬಟ್ಟೆ ಹೊದಿಸುತ್ತಾರೆ, ಮನೆಯವರು ತಾವಾಗಿ ಮಾತಾಡುವವರೆಗೆ ಬಂದವರು ಸುಮ್ಮನೆ ಕೂರುತ್ತಾರೆ. ನಮ್ಮ ಸಾವಿನ ಮನೆಗಿಂತ ಈ ಮೌನ ನನಗೆ ಹಿಡಿಸಿತು. ಬೇರೆಯವರ ಮದುವೆ, ಮುಂಜಿಗೆ ಹೋಗಿದ್ದ ಕುರ್ಚಿಗಳೆಲ್ಲ ಮನೆಗೆ ವಾಪಸ್ ಬಂದವು. ಅಂಗಳ ತುಂಬಿತು. ಇಷ್ಟು ವರ್ಷದಲ್ಲಿ 60ನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು ಅಂದುಕೊಂಡೆ.

ಎಂಟನೇ ದಿನ ಎಣಿಸಿದೆ. 58 ಇದ್ದವು. ನನ್ನ ವೀಸಾ ಸಾವ್ತಾ ಜೊತೆಗೇ ಮುಗಿದಿತ್ತು, ಟಿಕೆಟ್ ಆಗಿತ್ತು. ಪುಸ್ತಕವನ್ನು ಮೊಮ್ಮಗಳಿಗೆ ಒಪ್ಪಿಸುವಾಗ ಲೆಕ್ಕ ತಪ್ಪಿರಬಾರದಲ್ಲ. ಊರಿಡೀ ಸುತ್ತಿದೆ. ಒಂದು ಕುರ್ಚಿ ಹಳದಿ ಗೇಟಿನ ಕಾವಲು ಗೂಡಿನಲ್ಲಿ ಸಿಕ್ಕಿತು. ಇನ್ನೊಂದು ಮೇಸ್ತ್ರಿ ಕಟ್ಟಿದ ಕೋಣೆಯ ಹಿಂದೆ, ನೆರಳಲ್ಲಿ, ಕಾವಲುಗಾರ ಕೂರುತ್ತಿದ್ದ ಜಾಗದಲ್ಲೇ ಇತ್ತು. ಕಾಲಿಗೆ ಸಿಮೆಂಟ್ ಮೆತ್ತಿ ಗಟ್ಟಿಯಾಗಿತ್ತು. ಚಾಕುವಿನಿಂದ ಕೆರೆದೆ, ಪೂರ್ತಿ ಹೋಗಲಿಲ್ಲ. ಹಾಗೇ ಒಳಗಿಟ್ಟು 60 ಅಂತ ಬರೆದೆ.