ಟ್ಯಾಂಪಾದ ನಮ್ಮ ಮನೆಯ ಇನ್ಶೂರೆನ್ಸ್ ಅರ್ಧಕ್ಕೆ ಇಳಿದದ್ದು ಹೇಗೆ: ನನ್ನ ಅನುಭವ

2023ರ ಆರಂಭದಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿರುವ ನಮ್ಮ ಮನೆಯ ಇನ್ಶೂರೆನ್ಸ್ ರಿನ್ಯೂವಲ್‌ಗೆ ಬಂದ ಮೊತ್ತ 6,400 ಡಾಲರ್ ಹತ್ತಿರ. ಈ ಸಲ ಕಟ್ಟಿದ್ದು 3,150ರ ಆಸುಪಾಸು. ಅದೇ ಮನೆ, ಅದೇ ಕವರೇಜ್, ಡಿಡಕ್ಟಿಬಲ್ (ನಷ್ಟವಾದಾಗ ಮೊದಲು ನಾವೇ ಭರಿಸಬೇಕಾದ ಮೊತ್ತ) ಒಂದು ಡಾಲರ್ ಕೂಡ ಏರಿಸಿಲ್ಲ. ಪ್ರೀಮಿಯಂ ಇಳಿಸೋ ಈ ಕೆಲಸಕ್ಕೆ ಕೈ ಹಾಕ್ತೀನಿ ಅಂತ ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೇಳಿದಾಗ ಹಿರಿಯರೊಬ್ಬರು, "ಇದೆಲ್ಲ ರಾಜಧಾನಿ ಟಲಹಾಸಿಯಲ್ಲಿ ಕೂತವರ ಆಟ ಕಣಪ್ಪ. ಗಾಳಿ ಗುದ್ದಿ ಮೈ ನೋಯಿಸ್ಕೊಬೇಡ. ಮನೆ ಮಾರಿ ಡಲ್ಲಾಸ್ ಕಡೆ ಹೋಗು" ಅಂದಿದ್ದರು. ಕಳೆದ ವರ್ಷ ಇದೇ ಕೆಲಸಕ್ಕೆ ಅವರ ಮನೆಯ ಅಟ್ಟಕ್ಕೂ ನಾನೇ ಹತ್ತಿ ಫೋಟೋ ತೆಗೆದುಕೊಟ್ಟೆ. ಫ್ಲಾರಿಡಾದಲ್ಲಿ ಮನೆ ಇರುವವರಿಗೆ ವಿಂಡ್ ಮಿಟಿಗೇಶನ್ (ಚಂಡಮಾರುತದ ಗಾಳಿಯನ್ನು ಮನೆ ಎಷ್ಟು ತಡೆದುಕೊಳ್ಳುತ್ತೆ ಅನ್ನುವ ತಪಾಸಣೆ) ಎಲ್ಲ ಗೊತ್ತಿರುತ್ತೆ, ಗೊತ್ತಿಲ್ಲದವರಿಗೆ ಅಲ್ಲಲ್ಲಿ ಒಂದು ಮಾತು ಹೇಳ್ತಾ ಮುಂದೆ ಬರೀತೀನಿ.

ನಮ್ಮದು 1996ರ ಮನೆ. ಬ್ಲಾಕ್ ಗೋಡೆ, ಶಿಂಗಲ್ ಚಾವಣಿ (ಹಾಳೆಯಂಥ ತುಂಡುಗಳನ್ನು ಹೊದಿಸಿದ್ದು). ಅಂದರೆ 2002ರ ಮಾರ್ಚ್‌ನಲ್ಲಿ ರಾಜ್ಯದ ಹೊಸ ಕಟ್ಟಡ ಸಂಹಿತೆ ಬರುವ ಮುಂಚಿನದು. ಇದೇ ಕಾರಣಕ್ಕೆ ಏಜೆಂಟ್‌ಗಳು ನಮ್ಮ ವಿಳಾಸ ನೋಡಿದ ಕೂಡಲೇ ಮುಖ ತಿರುಗಿಸುತ್ತಿದ್ದರು. 2019ರಲ್ಲಿ 2,100 ಕಟ್ಟುತ್ತಿದ್ದ ನೆನಪು. ಆಮೇಲೆ 3,400, ಆಮೇಲೆ 5,000 ದಾಟಿತು. 2022ರಲ್ಲಿ ಆರೇಳು ಕಂಪನಿಗಳು ಮುಳುಗಿದವು, ಸೆಪ್ಟೆಂಬರ್ 28ಕ್ಕೆ ಇಯಾನ್ ಚಂಡಮಾರುತ ಬಂತು. ಮುಳುಗಿದ ಕಂಪನಿಗಳ ಬಾಕಿ ಕ್ಲೇಮ್ ತೀರಿಸಲು ನಮ್ಮೆಲ್ಲರ ಪಾಲಿಸಿಗಳ ಮೇಲೂ ಶೇ. 1ರ ಆಸುಪಾಸಿನ ಸರ್‌ಚಾರ್ಜ್ ಬಿತ್ತು. ನಿಮ್ಮ ಬಿಲ್ಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದು ಅದೇ.

ರಾಜಕೀಯ ಇಲ್ಲಿ ಎರಡೂ ಕಡೆ ಕೆಲಸ ಮಾಡಿದೆ. ದೇಶದ ಮನೆ ಕ್ಲೇಮುಗಳಲ್ಲಿ ಶೇ. 9 ಮಾತ್ರ ಫ್ಲಾರಿಡಾದ್ದು, ಮೊಕದ್ದಮೆಗಳಲ್ಲಿ ಶೇ. 79 ನಮ್ಮದು ಅಂತ ರಾಜ್ಯದ ವಿಮಾ ನಿಯಂತ್ರಣ ಕಚೇರಿ ಅಂಕಿ ಕೊಟ್ಟಿತು. ಗವರ್ನರ್ ಡಿಸ್ಯಾಂಟಿಸ್ 2022ರಲ್ಲಿ ಎರಡು ಸಲ, ಮೇ ಮತ್ತು ಡಿಸೆಂಬರ್‌ನಲ್ಲಿ, ವಿಶೇಷ ಅಧಿವೇಶನ ಕರೆಸಿದರು. ಡಿಸೆಂಬರ್ ಕಾನೂನಿನಲ್ಲಿ, ಕಂಪನಿ ಸೋತರೆ ಮನೆಯವರ ವಕೀಲರ ಫೀಸನ್ನೂ ಕಂಪನಿಯೇ ಕೊಡಬೇಕು ಅನ್ನುವ ಹಳೆಯ ನಿಯಮ ಹೋಯಿತು. ಕ್ಲೇಮ್ ಹಾಕುವ ಗಡುವು ಎರಡು ವರ್ಷದಿಂದ ಒಂದಕ್ಕೆ ಇಳಿಯಿತು. ಇದರಲ್ಲಿ ನಮಗೆ ನಷ್ಟವೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಕಂಪನಿಗಳು ನಷ್ಟ ತೋರಿಸುತ್ತಿದ್ದ ವರ್ಷಗಳಲ್ಲೇ ಅವರ ಅಂಗಸಂಸ್ಥೆಗಳು ಭರ್ಜರಿ ಲಾಭ ಮಾಡಿದ್ದವು ಅನ್ನುವ ವರದಿಯನ್ನು ರಾಜ್ಯವೇ ಮಾಡಿಸಿತ್ತು. ಅದು 2025ರ ಫೆಬ್ರವರಿಯಲ್ಲಿ ಪತ್ರಿಕೆಗೆ ಬರುವವರೆಗೂ ನಮ್ಮಂಥವರಿಗೆ ಗೊತ್ತೇ ಇರಲಿಲ್ಲ. ಆ ವರದಿ ಅಧಿವೇಶನದ ಮುಂಚೆ ಶಾಸಕರೆಲ್ಲರ ಮೇಜಿನ ಮೇಲೆ ಇರಬೇಕಿತ್ತು.

ಆದರೆ ಮೇ ಅಧಿವೇಶನದ ಕಾನೂನಿನಲ್ಲಿ ನಮ್ಮ ಕೈಗೆ ಸಿಗುವ ಎರಡು ವಿಷಯ ಇದ್ದವು. ಒಂದು, ಚಾವಣಿಗೆ 15 ವರ್ಷ ತುಂಬಿದೆ ಅನ್ನುವ ಒಂದೇ ಕಾರಣಕ್ಕೆ ಪಾಲಿಸಿ ನಿಲ್ಲಿಸುವ ಹಾಗಿಲ್ಲ. ಇನ್ನೂ 5 ವರ್ಷ ಬಾಳಿಕೆ ಇದೆ ಅಂತ ಅಧಿಕೃತ ಇನ್ಸ್‌ಪೆಕ್ಟರ್ ಬರೆದುಕೊಟ್ಟರೆ ಕಂಪನಿ ಒಪ್ಪಬೇಕು. ಎರಡು, 2006ರಲ್ಲಿ ಶುರುವಾಗಿ ನಿಂತುಹೋಗಿದ್ದ 'ಮೈ ಸೇಫ್ ಫ್ಲಾರಿಡಾ ಹೋಮ್' ಯೋಜನೆಗೆ, ಅಂದರೆ ಚಂಡಮಾರುತಕ್ಕೆ ಮನೆ ಗಟ್ಟಿ ಮಾಡಿಸಲು ರಾಜ್ಯ ಕೊಡುವ ಗ್ರಾಂಟ್‌ಗೆ, ಮತ್ತೆ ಜೀವ ಬಂತು. ನೀವು ಒಂದು ಡಾಲರ್ ಹಾಕಿದರೆ ರಾಜ್ಯ ಎರಡು ಹಾಕುತ್ತೆ, 10,000ದವರೆಗೆ.

ಮೊದಲನೆಯದು ಸುಲಭವಾಗಿ ಗೆದ್ದೆ. ನಮ್ಮ ಶಿಂಗಲ್ಸ್ 2008ರದ್ದು. ಕಂಪನಿಯಿಂದ "ಚಾವಣಿ ಬದಲಾಯಿಸಿ, ಇಲ್ಲದಿದ್ದರೆ ರಿನ್ಯೂವಲ್ ಇಲ್ಲ" ಅಂತ ಪತ್ರ ಬಂತು. ಹೊಸ ಚಾವಣಿಗೆ ಕೇಳಿದ್ದು 24,000. ನಾನು 150 ಡಾಲರ್ ಕೊಟ್ಟು ಇನ್ಸ್‌ಪೆಕ್ಷನ್ ಮಾಡಿಸಿ, ಕಾನೂನಿನ ಸಾಲನ್ನೇ ಎತ್ತಿ ಬರೆದು ಕಳಿಸಿದೆ. ಎರಡು ವಾರ ಸದ್ದಿಲ್ಲ, ಆಮೇಲೆ ರಿನ್ಯೂವಲ್ ಬಂತು. ಪತ್ರವನ್ನು ಯಾರಿಗೆ, ಯಾವ ಮಾತಿನಲ್ಲಿ ಬರೆದೆ ಅನ್ನೋದನ್ನು ಇಲ್ಲಿ ಹಾಕೋದಿಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರೆ ಅದು ಕೆಲಸ ಮಾಡೋದು ನಿಲ್ಲುತ್ತೆ.

ಪಾಲಿಸಿ ಉಳಿಯಿತು, ರೇಟು ಮಾತ್ರ ಇಳಿಯಲಿಲ್ಲ. ಅದಕ್ಕೆ ವಿಂಡ್ ಮಿಟಿಗೇಶನ್ನೇ ದಾರಿ. ಮೊದಲು ಬಂದ ಇನ್ಸ್‌ಪೆಕ್ಟರ್ 125 ಡಾಲರ್ ತಗೊಂಡು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಹೋದ. ವರದಿಯಲ್ಲಿ ಚಾವಣಿಯ ಆಕಾರ 'ಇತರೆ', ಗೋಡೆಗೂ ಚಾವಣಿಗೂ ಇರುವ ಜೋಡಣೆ 'ಟೋ ನೇಲ್', ಅಂದರೆ ಬರೀ ಓರೆ ಮೊಳೆ. ಎರಡೂ ಅತಿ ಕೆಳಗಿನ ದರ್ಜೆ. ಪ್ರೀಮಿಯಂನಲ್ಲಿ 100 ಡಾಲರ್ ಕೂಡ ಇಳಿಯಲಿಲ್ಲ. ಹೆಚ್ಚಿನವರು ಇಲ್ಲೇ ಕೈಬಿಡೋದು.

ನಾನು ವಿಂಡ್ ಮಿಟಿಗೇಶನ್ ವರದಿಗೆ ರಾಜ್ಯ ಗೊತ್ತು ಮಾಡಿರುವ 1802 ಫಾರ್ಮ್ ಸಾಲು ಸಾಲಾಗಿ ಓದಿದೆ. ನಮ್ಮದು ನಾಲ್ಕೂ ಕಡೆ ಇಳಿಜಾರಿರುವ ಹಿಪ್ ಚಾವಣಿ, ಬಾಗಿಲ ಮುಂದೆ ಮಾತ್ರ ಒಂದು ಚಿಕ್ಕ ತ್ರಿಕೋನದ ಗೇಬಲ್. ಅಂಥ ಬೇರೆ ಆಕಾರ ಚಾವಣಿಯ ಒಟ್ಟು ಸುತ್ತಳತೆಯ ಶೇ. 10 ಮೀರದಿದ್ದರೆ ಅದು ಹಿಪ್ ಅಂತಲೇ ಲೆಕ್ಕ ಅಂತ ಫಾರ್ಮ್ ಹೇಳುತ್ತೆ. ಟೇಪ್ ಹಿಡಿದು ಅಳೆದೆ. ಗೇಬಲ್ 14 ಅಡಿ, ಸುತ್ತಳತೆ 210ರ ಹತ್ತಿರ. ಶೇ. 7ಕ್ಕಿಂತ ಕಡಿಮೆ. ಇನ್ಸ್‌ಪೆಕ್ಟರ್ ಅಳೆದೇ ಇರಲಿಲ್ಲ.

ಇನ್ನು ಅಟ್ಟ. ಫೆಬ್ರವರಿ ಬೆಳಿಗ್ಗೆ ಹತ್ತಿದೆ. ಜೂನ್‌ನಲ್ಲಿ ಅಲ್ಲಿ ಉಸಿರಾಡೋಕೂ ಆಗಲ್ಲ. ಇನ್ಸುಲೇಷನ್ ಸರಿಸುತ್ತಾ ಸೂರಿನ ಅಂಚಿನವರೆಗೆ ಹೊಟ್ಟೆ ಮೇಲೆ ತೆವಳಿ ಟಾರ್ಚ್ ಬಿಟ್ಟು ನೋಡಿದರೆ ಟ್ರಸ್‌ಗೆ (ಚಾವಣಿ ಹೊರುವ ಮರದ ಚೌಕಟ್ಟು) ಲೋಹದ ಕ್ಲಿಪ್ ಇದೆ! ಕಾಂಕ್ರೀಟ್ ತೊಲೆಯಿಂದಲೇ ಎದ್ದು ಬಂದಿದೆ. ಆದರೆ ಬಹಳ ಕಡೆ ಎರಡೇ ಮೊಳೆ, ಮೂರನೇ ತೂತು ಖಾಲಿ. ಫಾರ್ಮ್ ಪ್ರಕಾರ ಕ್ಲಿಪ್ ಅನ್ನಿಸಿಕೊಳ್ಳಲು ಕನಿಷ್ಠ ಮೂರು ಮೊಳೆ ಬೇಕು. ಒಂದು ಮೊಳೆ ಇಲ್ಲದ್ದಕ್ಕೆ ಇಡೀ ಮನೆ 'ಟೋ ನೇಲ್' ಆಗಿ ಕೂತಿತ್ತು.

ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕರೆಸಿದೆ. ಮೂರು ಜನ ನೋಡಿ "ಜಾಗ ಇಲ್ಲ, ಆಗಲ್ಲ" ಅಂದರು. ನಾಲ್ಕನೆಯವನು ಅಂಗೈಯಲ್ಲಿ ಹಿಡಿಯುವ ಪಾಮ್ ನೈಲರ್ ತಂದ. ಸುತ್ತಿಗೆ ಬೀಸೋಕೆ ಜಾಗ ಇಲ್ಲದ ಕಡೆ ಒಂದೂವರೆ ಇಂಚಿನ ಗ್ಯಾಲ್ವನೈಸ್ಡ್ ಮೊಳೆ ಹೊಡೆಯೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಮೂಲೆಗಳಲ್ಲಿ ಅದೂ ಹಿಡಿಸದೆ ಹೊರಗಿನಿಂದ ಸೋಫಿಟ್ (ಸೂರಿನ ಅಡಿಯ ಮುಚ್ಚಳ) ಬಿಚ್ಚಬೇಕಾಯಿತು. ಒಟ್ಟು 900 ಡಾಲರ್. ಪ್ರತಿ ಕ್ಲಿಪ್‌ನ ಪಕ್ಕ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ ತೆಗೆದೆ. ಬೇರೆ ಇನ್ಸ್‌ಪೆಕ್ಟರ್ ಬಂದಾಗ ಆ ಫೋಟೋ, ಸುತ್ತಳತೆಯ ಲೆಕ್ಕ ಎರಡನ್ನೂ ಮುಂದಿಟ್ಟೆ. ಅವನು ತಾನೂ ಹತ್ತಿ ನೋಡಿ 'ಕ್ಲಿಪ್', 'ಹಿಪ್' ಎರಡಕ್ಕೂ ಟಿಕ್ ಹಾಕಿದ. 1,400ರಷ್ಟು ಇಳಿದದ್ದು ಇಷ್ಟರಿಂದಲೇ. ನೆನಪಿರಲಿ, ರಿಯಾಯಿತಿ ಪ್ರೀಮಿಯಂನಲ್ಲಿ ಗಾಳಿಯ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ.

ಗ್ರಾಂಟ್ ಮಾತ್ರ ತಾಳ್ಮೆ ಪರೀಕ್ಷಿಸಿತು. ಮೊದಲು ಅವರದೇ ಇನ್ಸ್‌ಪೆಕ್ಷನ್, ಆಮೇಲೆ ಅರ್ಜಿ, ಮಂಜೂರಾತಿ, ಆಮೇಲಷ್ಟೇ ಕೆಲಸ. ಮಂಜೂರಾತಿಗೆ ಮುಂಚೆ ಮಾಡಿಸಿದ್ದಕ್ಕೆ ಕಾಸು ಸಿಗಲ್ಲ. ನಮ್ಮ ಪಕ್ಕದ ಬೀದಿಯವರು ಹಾಗೆ ಮಾಡಿಸಿ ಪೂರಾ ಕಳಕೊಂಡರು. 2023ರಲ್ಲಿ ದುಡ್ಡು ಖಾಲಿಯಾಗಿ ನಾವು ಕಾಯುವ ಪಟ್ಟಿಗೆ ಬಿದ್ದೆವು. ನವೆಂಬರ್ ವಿಶೇಷ ಅಧಿವೇಶನದಲ್ಲಿ ಶಾಸಕರು 17 ಕೋಟಿ 60 ಲಕ್ಷ ಡಾಲರ್ ಹಾಕಿದ ಮೇಲೆ ಪಟ್ಟಿ ಕದಲಿತು. ನಮ್ಮ ಪ್ರತಿನಿಧಿಯ ಕಚೇರಿಗೆ ನಾನೂ ಫೋನ್ ಮಾಡುತ್ತಲೇ ಇದ್ದೆ, ನೀವೂ ಮಾಡಿ. ಅಲ್ಲಿ ಫೋನ್ ಎತ್ತುವವರು ನಿಜವಾಗಿಯೂ ಬರೆದುಕೊಳ್ಳುತ್ತಾರೆ.

ಗ್ಯಾರೇಜ್ ಬಾಗಿಲು, ಹಿಂದಿನ ಜಾರುವ ಗಾಜಿನ ಬಾಗಿಲು, ದೊಡ್ಡ ಕಿಟಕಿಗಳಿಗೆ ಇಂಪ್ಯಾಕ್ಟ್ ಗಾಜು (ಹಾರಿಬಂದ ವಸ್ತು ಬಡಿದರೂ ತಡೆಯುವಂಥದ್ದು), ಇಷ್ಟಕ್ಕೆ 15,500 ಆಯಿತು. 10,000 ವಾಪಸ್ ಬಂತು, ಆದರೆ ತಿಂಗಳುಗಟ್ಟಲೆ ತಡವಾಗಿ. ಅಲ್ಲಿವರೆಗೆ ನಮ್ಮ ಉಳಿತಾಯದ ದುಡ್ಡೇ. ಚಿಕ್ಕ ಕಿಟಕಿಗಳಿಗೆ ಚಂಡಮಾರುತ ಬಂದಾಗ ಮುಚ್ಚುವ ಪ್ರಮಾಣೀಕೃತ ಅಲ್ಯೂಮಿನಿಯಂ ಪ್ಯಾನಲ್, ಅದು ಕೈಯಿಂದ. ಬಾತ್‌ರೂಮಿನ ಸಣ್ಣ ಕಿಟಕಿ ಒಂದು ಬಿಟ್ಟರೂ ಕಿಟಕಿ-ಬಾಗಿಲುಗಳ ರಕ್ಷಣೆಗೆ ಕೊಡುವ ರಿಯಾಯಿತಿ ಪೂರ್ತಿ ಸಿಗಲ್ಲ. ಎರಡು ಕಿಟಕಿಗೆ ಬೆಳಕು ಬರುವ ಪಾಲಿಕಾರ್ಬೊನೇಟ್ ಪ್ಯಾನಲ್ ಹಾಕಿ ನೋಡಿದೆ. ಕರೆಂಟ್ ಹೋದಾಗ ಅಡುಗೆಮನೆ ಕತ್ತಲಾಗಲ್ಲ ಅಂತ ಹೆಂಡತಿಗೆ ಇಷ್ಟ. ದುಬಾರಿ, ಆದರೂ ಬಿಡಲ್ಲ.

ಇನ್ನೂ ಕೆಲವು ಪ್ರಯೋಗ ಮಾಡಿದೆ. ನೀರು ಸೋರಿಕೆ ಹಿಡಿಯುವ ಸೆನ್ಸರ್ ಹಾಕಿದ್ದಕ್ಕೆ 60 ಡಾಲರ್ ಇಳಿಯಿತು, ಸೆನ್ಸರ್ ಬೆಲೆ 400. ಹರಿಕೇನ್ ಡಿಡಕ್ಟಿಬಲ್ ಶೇ. 2ರಿಂದ 5ಕ್ಕೆ ಏರಿಸಿದರೆ 450ರಷ್ಟು ಉಳಿಯುತ್ತಿತ್ತು. ಆದರೆ ನಮ್ಮ ಮನೆಯ ಕವರೇಜ್ 3 ಲಕ್ಷ 90 ಸಾವಿರ, ಶೇ. 5 ಅಂದರೆ 19,500 ನಮ್ಮ ಜೇಬಿಂದ. ವರ್ಷಕ್ಕೆ 450ಕ್ಕಾಗಿ 11,700ರ ಹೆಚ್ಚಿನ ಹೊರೆ ಹೊರುವವರು ಕಾಗದ ಪೆನ್ನು ಹಿಡಿದು ಕೂರಲಿ. ರಾಜ್ಯದ ಸಿಟಿಜನ್ಸ್‌ಗೆ (ಬೇರೆಡೆ ಪಾಲಿಸಿ ಸಿಗದವರಿಗೆ ರಾಜ್ಯವೇ ನಡೆಸುವ ವಿಮಾ ಸಂಸ್ಥೆ) ಹೋಗೋಣ ಅಂತಲೂ ಕೇಳಿದ್ದೆ. ಖಾಸಗಿ ಕಂಪನಿಯ ಬೆಲೆ ಅವರದಕ್ಕಿಂತ ಶೇ. 20ರ ಒಳಗೇ ಹೆಚ್ಚಿದ್ದರೆ ಅಲ್ಲಿ ಜಾಗ ಇಲ್ಲ. ನಮಗೆ ಸಿಗಲಿಲ್ಲ.

ಹೊಸ ವರದಿ ಹಿಡಿದು ಬೇರೆ ಕಂಪನಿಗಳ ಬೆಲೆ ಕೇಳಿದ ಮೇಲೆ ಕೊನೆಯ ದೊಡ್ಡ ಇಳಿಕೆ ಸಿಕ್ಕಿತು. ಸುಧಾರಣೆಯ ಕಾನೂನಿನ ನಂತರ ಹೊಸ ಕಂಪನಿಗಳು ಬಂದವು, ಅದನ್ನು ನಾನು ಒಪ್ಪಲೇಬೇಕು. ಯಾವ ತಿಂಗಳಲ್ಲಿ ಕೇಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಒಟ್ಟು ಕೈಯಿಂದ ಹೋದದ್ದು 8,000ದ ಆಸುಪಾಸು, ವರ್ಷಕ್ಕೆ ಉಳಿಯುತ್ತಿರುವುದು 3,000ಕ್ಕೂ ಮೇಲೆ.

2024ರ ಅಕ್ಟೋಬರ್ 9ಕ್ಕೆ ಮಿಲ್ಟನ್ ಚಂಡಮಾರುತ ಬಂದಾಗ ಬೇಲಿ ಬಿತ್ತು, ಸೋಫಿಟ್ ಒಂದು ಕಡೆ ಕಿತ್ತುಬಂತು. ಗ್ಯಾರೇಜ್ ಬಾಗಿಲು ಅಲುಗಾಡಲಿಲ್ಲ. ಕ್ಲೇಮ್ ಹಾಕಲಿಲ್ಲ. ಆದರೂ ಚಂಡಮಾರುತದ ಕಾಲ ಶುರುವಾಗುವ ಜೂನ್ 1ಕ್ಕೆ ಪ್ರತಿ ವರ್ಷ ಮನೆಯ ಒಳಗೂ ಹೊರಗೂ ವಿಡಿಯೋ ಮಾಡಿ ಇಡುತ್ತೇನೆ. ಕೋರ್ಟಿಗೆ ಹೋದರೆ ವಕೀಲರ ಫೀಸ್ ನಮ್ಮದೇ ಆಗಿರುವ ಈ ಕಾಲದಲ್ಲಿ ಆ ವಿಡಿಯೋಗೆ ಬೆಲೆ ಇದೆ.

ಈಗ ಶುರು ಮಾಡುವವರಿಗೆ: 2024ರ ಜುಲೈಯಿಂದ ಗ್ರಾಂಟ್ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ, ಅದರಲ್ಲೂ 60 ತುಂಬಿದವರಿಗೆ ಮೊದಲ ಸರದಿ. ಸಾಫ್ಟ್‌ವೇರ್ ಸಂಬಳದವರಿಗೆ ಸಿಗೋದು ಕಷ್ಟ. ಆದರೆ ಮೂರನೇ ಮೊಳೆಗೂ ಸುತ್ತಳತೆಗೂ ಗ್ರಾಂಟ್‌ನ ಮಂಜೂರಾತಿ ಬೇಡ, ಅಲ್ಲಿಂದ ಶುರು ಮಾಡಿ. 1802 ವರದಿ ಐದು ವರ್ಷ ನಡೆಯುತ್ತೆ. ನನ್ನದು ಮುಗಿಯುವಷ್ಟರಲ್ಲಿ ಚಾವಣಿ ಬದಲಾಯಿಸಬೇಕು. ಹಲಗೆಗೆ ಆರಾರು ಇಂಚಿಗೆ ಮೊಳೆ, ಮೇಲೆ ಅಂಟುವ ಜಲನಿರೋಧಕ ಪದರ ಹಾಕಿಸೋ ಯೋಚನೆ ಇದೆ. ಎಸ್ಟಿಮೇಟ್ ತರಿಸುತ್ತಿದ್ದೇನೆ, 26,000ದಿಂದ ಶುರುವಾಗಿದೆ.