ಟ್ರ್ಯಾಂಪಲ್: ಮಿಕ್ಕ ಡ್ಯಾಮೇಜ್ ಲೆಕ್ಕ ಹಾಕುವ ಬಗೆ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ನೀವು ಎಷ್ಟೇ ದೊಡ್ಡ ಕ್ರೀಚರ್ (ಕಾದಾಡುವ ಜೀವಿ) ಬಿಟ್ಟು ದಾಳಿ ಮಾಡಿದರೂ ಎದುರಾಳಿ ಒಂದು 1/1 ಟೋಕನ್ (ಕಾರ್ಡ್ ಬದಲು ಗುರುತಾಗಿ ಇಡುವ ಕ್ರೀಚರ್) ಅಡ್ಡ ನಿಲ್ಲಿಸಿ ಅಷ್ಟೂ ಡ್ಯಾಮೇಜ್ ತಡೆದುಬಿಡಬಹುದು. ಇಲ್ಲಿ ಮೊದಲ ಅಂಕಿ ಪವರ್, ಅಂದರೆ ಕ್ರೀಚರ್ ಕೊಡುವ ಡ್ಯಾಮೇಜ್; ಎರಡನೆಯದು ಟಫ್‌ನೆಸ್, ಅಂದರೆ ಅದು ಸಾಯಲು ಬೇಕಾದ ಡ್ಯಾಮೇಜ್. ದಾಳಿ ಮಾಡುವ ಕ್ರೀಚರ್‌ಗೆ ಟ್ರ್ಯಾಂಪಲ್ ಎಂಬ ಸಾಮರ್ಥ್ಯ ಇದ್ದರೆ ಆ ಉಪಾಯ ನಡೆಯದು. ಬ್ಲಾಕರ್ (ಅಡ್ಡ ನಿಂತ ಕ್ರೀಚರ್) ಸಾಯಲು ಬೇಕಾದಷ್ಟನ್ನು ಅದಕ್ಕೆ ಹಂಚಿ, ಮಿಕ್ಕದ್ದನ್ನು ಆಟಗಾರರ ಮೇಲೆ ಹಾಕಬಹುದು. 1993ರ ಮೊದಲ ಸೆಟ್‌ನಿಂದಲೂ ಇರುವ ಸಾಮರ್ಥ್ಯ ಇದು. ತಕರಾರು ಹುಟ್ಟುವುದು ‘ಸಾಯಲು ಬೇಕಾದಷ್ಟು’ ಎಂದರೆ ಎಷ್ಟು ಎಂಬಲ್ಲೇ.

ಮೊದಲು ಸರಳ ಲೆಕ್ಕ. ಟ್ರ್ಯಾಂಪಲ್ ಇರುವ ನಿಮ್ಮ ಕ್ರೀಚರ್ ಕಲಾಸಲ್ ಡ್ರೆಡ್‌ಮಾ 6/6. ಎದುರಾಳಿ ಒಂದು 2/2, ಒಂದು 1/3 ಸೇರಿಸಿ ಬ್ಲಾಕ್ ಮಾಡಿದರು. ಬ್ಲಾಕರ್‌ಗಳ ಟಫ್‌ನೆಸ್ ಮಾತ್ರ ಕೂಡಿಸಿ: 2 ಮತ್ತು 3, ಒಟ್ಟು 5. ಆರರಲ್ಲಿ ಐದು ಹೋಗಿ 1 ಡ್ಯಾಮೇಜ್ ಎದುರಾಳಿಗೆ. ಎಲ್ಲ ಬ್ಲಾಕರ್‌ಗಳಿಗೂ ಅವುಗಳ ಪಾಲು ಪೂರ್ತಿ ಸಂದ ಮೇಲೆಯೇ ಆಟಗಾರರ ಸರದಿ. ಕೆಲವರು ಬ್ಲಾಕರ್‌ನ ಪವರ್ ಕಳೆಯುತ್ತಾರೆ, ಅದು ತಪ್ಪು.

ಬ್ಲಾಕರ್ ಮೇಲೆ ಆ ಟರ್ನ್‌ನಲ್ಲಿ ಆಗಲೇ ಬಿದ್ದ ಡ್ಯಾಮೇಜ್ ಲೆಕ್ಕಕ್ಕೆ ಬರುತ್ತದೆ. 4/4 ಬ್ಲಾಕರ್‌ಗೆ ಮೊದಲೇ ಲೈಟ್ನಿಂಗ್ ಬೋಲ್ಟ್‌ನಿಂದ 3 ಬಿದ್ದಿದ್ದರೆ ಅದಕ್ಕೆ ಇನ್ನು 1 ಹಂಚಿದರೆ ಸಾಕು. ಆದರೆ ಬ್ಲಾಕರ್ ನಿಜಕ್ಕೂ ಸಾಯುತ್ತದೆಯೇ ಎಂಬುದನ್ನು ನಿಯಮ ನೋಡುವುದೇ ಇಲ್ಲ. ಇನ್‌ಡಿಸ್ಟ್ರಕ್ಟಿಬಲ್ (ಡ್ಯಾಮೇಜ್‌ನಿಂದ ಸಾಯದ) ಆಗಿರುವ 3/3ಕ್ಕೂ 3 ಹಂಚಿದರೆ ಮುಗಿಯಿತು. ಹಸಿರು 5/5 ಟ್ರ್ಯಾಂಪಲ್ ಕ್ರೀಚರನ್ನು ಹಸಿರಿನಿಂದ ಪ್ರೊಟೆಕ್ಷನ್ ಇರುವ, ಅಂದರೆ ಹಸಿರು ಕಾರ್ಡ್‌ಗಳ ಡ್ಯಾಮೇಜ್ ತಗಲದ, 2/2 ಬ್ಲಾಕ್ ಮಾಡಿದರೆ, ಅದಕ್ಕೆ ಹಂಚಿದ 2 ವ್ಯರ್ಥವಾದರೂ 3 ಎದುರಾಳಿಗೆ ತಗಲುತ್ತದೆ. ಬ್ಲಾಕರ್‌ಗೆ ಬರುವ ಮುಂದಿನ 2 ಡ್ಯಾಮೇಜ್ ತಡೆಯುವ ಪರಿಣಾಮ ಇದ್ದಾಗಲೂ ಹೀಗೆಯೇ. ಆಗ ಬ್ಲಾಕರನ್ನು ಕೊಲ್ಲಲೇಬೇಕೆಂದಿದ್ದರೆ ನೀವಾಗಿಯೇ 2 ಹೆಚ್ಚು ಹಾಕಿ. ಮಿಕ್ಕದ್ದನ್ನು ಆಟಗಾರರಿಗೇ ಕೊಡಬೇಕೆಂಬ ಕಡ್ಡಾಯವಿಲ್ಲ.

ಡೆತ್‌ಟಚ್ ಜೊತೆಗೂಡಿದರೆ ಟ್ರ್ಯಾಂಪಲ್‌ನ ಬಲವೇ ಬೇರೆ. ಡೆತ್‌ಟಚ್ ಇದ್ದಾಗ 1 ಡ್ಯಾಮೇಜ್ ಕೂಡ ಸಾಯಲು ಸಾಕು ಎಂದೇ ಲೆಕ್ಕ. ಎರಡೂ ಇರುವ 6/6ನ್ನು 2/2 ಮತ್ತು 5/5 ಬ್ಲಾಕ್ ಮಾಡಿದರೆ ಒಂದಕ್ಕೆ 1, ಇನ್ನೊಂದಕ್ಕೆ 1, ಎದುರಾಳಿಗೆ 4. ಟ್ರ್ಯಾಂಪಲ್ ಡೆಕ್ ಕಟ್ಟುವವರು ಮೊದಲು ಹುಡುಕಬೇಕಾದ ಜೋಡಿ ಇದೇ.

ಟ್ರ್ಯಾಂಪಲ್ ಜೊತೆ ಡಬಲ್ ಸ್ಟ್ರೈಕ್ (ಎರಡು ಸಲ ಡ್ಯಾಮೇಜ್ ಕೊಡುವ ಸಾಮರ್ಥ್ಯ) ಇದ್ದರೆ ಎರಡು ಸಲ ಲೆಕ್ಕ ಹಾಕಿ. 4/4ನ್ನು 3/3 ತಡೆದರೆ ಮೊದಲ ಸಲ ಬ್ಲಾಕರ್‌ಗೆ 3, ಎದುರಾಳಿಗೆ 1. ಬ್ಲಾಕರ್ ಸತ್ತಿತು, ಹಾಗಾಗಿ ಎರಡನೇ ಸಲ ನಾಲ್ಕಕ್ಕೆ ನಾಲ್ಕೂ ಎದುರಾಳಿಗೆ.

ಬ್ಲಾಕರ್ ನಡುವೆಯೇ ಮಾಯವಾದರೂ ಹೀಗೆಯೇ. ಬ್ಲಾಕ್ ಮಾಡಿದ ಮೇಲೆ ಎದುರಾಳಿ ಅದನ್ನು ಸ್ಯಾಕ್ರಿಫೈಸ್ ಮಾಡಿದರೆ, ಅಂದರೆ ತಾನೇ ಬಲಿಕೊಟ್ಟರೆ, ಟ್ರ್ಯಾಂಪಲ್ ಇಲ್ಲದ ಕ್ರೀಚರ್ ಬ್ಲಾಕ್ ಆದದ್ದು ಆದಂತೆಯೇ, ಯಾರಿಗೂ ಡ್ಯಾಮೇಜ್ ಇಲ್ಲ. ಟ್ರ್ಯಾಂಪಲ್ ಇದ್ದರೆ ಪೂರ್ತಿ ಪವರ್ ಆಟಗಾರರ ಮೇಲೆ.

ಇದೆಲ್ಲದರ ಲೆಕ್ಕ ನಡೆಯುವುದು ಡ್ಯಾಮೇಜ್ ಹಂಚುವ ಕ್ಷಣದಲ್ಲಿ, ಬ್ಲಾಕ್ ಘೋಷಿಸಿದಾಗಲ್ಲ. ನಿಮ್ಮ 6/6ಕ್ಕೆ ಅಡ್ಡ ನಿಂತ 2/2ಕ್ಕೆ ಎದುರಾಳಿ ಜೈಂಟ್ ಗ್ರೋತ್ (+3/+3 ಕೊಡುವ ಕಾರ್ಡ್) ಹಾಕಿದರೆ ಟಫ್‌ನೆಸ್ 5 ಆಗಿ, 4 ತಗಲಬೇಕಾದಲ್ಲಿ 1 ಮಾತ್ರ ತಗಲುತ್ತದೆ. ನಿಮಗೂ ಇದರಿಂದ ಲಾಭವಿದೆ: ಟ್ರ್ಯಾಂಪಲ್ ಕೊಡುವ ಇನ್‌ಸ್ಟಂಟ್ (ದಾಳಿಯ ನಡುವೆಯೂ ಆಡಬಹುದಾದ ಕಾರ್ಡ್) ಕೈಯಲ್ಲಿದ್ದರೆ ಬ್ಲಾಕ್ ಆಗುವವರೆಗೂ ಕಾಯಿರಿ. ಹಂಚಿಕೆ ಶುರುವಾದ ಮೇಲೆ ಮಾತ್ರ ಡ್ಯಾಮೇಜ್ ಬೀಳುವ ತನಕ ಯಾರೂ ನಡುವೆ ಕಾರ್ಡ್ ಆಡುವಂತಿಲ್ಲ.

ಆಟಗಾರರ ಬದಲು ಅವರ ಪ್ಲೇನ್ಸ್‌ವಾಕರ್ (ಆಟಗಾರರಿಗೆ ನೆರವಾಗುವ ಒಂದು ಬಗೆಯ ಕಾರ್ಡ್) ಮೇಲೆ ದಾಳಿ ಮಾಡಿದ್ದರೆ ಮಿಕ್ಕ ಡ್ಯಾಮೇಜ್ ಆ ಪ್ಲೇನ್ಸ್‌ವಾಕರ್‌ಗೇ ಹೋಗುತ್ತದೆ; ಅದರ ಲಾಯಲ್ಟಿ (ಪ್ಲೇನ್ಸ್‌ವಾಕರ್‌ನ ಆಯುಷ್ಯದ ಅಂಕಿ) ಮೀರಿ ಉಳಿದದ್ದು ಆಟಗಾರರಿಗೆ ದಾಟುವುದಿಲ್ಲ. ನಿಮ್ಮ ಟ್ರ್ಯಾಂಪಲ್ ಕ್ರೀಚರ್ ತಾನೇ ಬ್ಲಾಕ್ ಮಾಡುವಾಗಲೂ, ಫೈಟ್ ಮಾಡುವಾಗಲೂ (ಕಾರ್ಡ್‌ನ ಪರಿಣಾಮದಿಂದ ಎರಡು ಕ್ರೀಚರ್‌ಗಳು ಪರಸ್ಪರ ಡ್ಯಾಮೇಜ್ ಕೊಡುವಾಗ) ಟ್ರ್ಯಾಂಪಲ್‌ಗೆ ಕೆಲಸವಿಲ್ಲ.