ಮಳೆ ಅಳೆಯೋಣ, ತಪ್ಪು ಹುಡುಕೋಣ

ಶಾಲೆಯಲ್ಲಿ ನಾಲ್ಕೇ ಕಂಪ್ಯೂಟರ್ ಇವೆಯಾ? ಮಕ್ಕಳೇ ತಮ್ಮೂರಿನ ಮಳೆ ಅಳೆದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವ ಈ ಪಾಠಕ್ಕೆ ಅಷ್ಟು ಸಾಕು. ಇಂಟರ್ನೆಟ್ ಕೂಡ ಬೇಡ. ಬೇಕಾಗಿರುವುದು ಮಳೆ. ಅದಕ್ಕೆ ನಮ್ಮ ಮಲೆನಾಡಿನಲ್ಲಿ ಬರವಿಲ್ಲ.

ಮೊದಲು ಕಂಪ್ಯೂಟರಿಗೊಂದು ತಂಡ ಮಾಡಿ, ತಂಡಕ್ಕೆ ಐದಾರು ಮಕ್ಕಳು. ಒಂದೇ ಊರಿನವರನ್ನು ಒಂದೇ ತಂಡಕ್ಕೆ ಹಾಕಬೇಡಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಅರಾನ್ಸನ್ ಎಂಬ ಮನಃಶಾಸ್ತ್ರಜ್ಞ ‘ಜಿಗ್ಸಾ’ ಪಾಠ ಶುರು ಮಾಡಿದ್ದು ಇದೇ ಗುಟ್ಟಿನ ಮೇಲೆ: ಪಾಠದ ಒಂದೊಂದು ಚೂರು ಒಬ್ಬೊಬ್ಬರ ಕೈಯಲ್ಲಿ. ಇಲ್ಲಿ ಆ ಚೂರು ಅವರವರ ಊರಿನ ಮಳೆ.

ಪ್ರತಿ ಮಗುವೂ ಮನೆಯಲ್ಲಿ ಐದು ಲೀಟರ್ ಕ್ಯಾನಿನ ಬಾಯಿಗೆ 10 ಸೆಂ.ಮೀ. ಅಗಲದ ಆಲಿಕೆ ಸಿಕ್ಕಿಸಿ ಬಯಲಲ್ಲಿ ಇಡಲಿ. ಸೂರಿನ ಕೆಳಗೆ, ಅಡಿಕೆ ಮರದ ಬುಡದಲ್ಲಿ ಬೇಡ. ದಿನಾ ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ನೀರನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆದು ಚೆಲ್ಲಬೇಕು. ಆಲಿಕೆಯ ಬಾಯಿ 78.5 ಚದರ ಸೆಂ.ಮೀ. ಆದ್ದರಿಂದ 785 ಮಿ.ಲೀ. ಸಿಕ್ಕರೆ 100 ಮಿ.ಮೀ. ಮಳೆ.

ನೋಟ್‌ಬುಕ್ಕಿನ ಅಂಕಿಗಳನ್ನು ಶಾಲೆಯ ಕಂಪ್ಯೂಟರಿಗೆ ತುಂಬಲು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕಪಟ್ಟಿಯ (ಸ್ಪ್ರೆಡ್‌ಶೀಟ್) ತಂತ್ರಾಂಶ ಇದೆ, ಉಚಿತ. ಮಿ.ಲೀ.ಯನ್ನು 10ರಿಂದ ಗುಣಿಸಿ 78.5ರಿಂದ ಭಾಗಿಸುವ ಸೂತ್ರವನ್ನು ಮೊದಲ ಸಾಲಿಗೆ ಕೊಟ್ಟು ಕೆಳಕ್ಕೆ ಎಳೆದರೆ ಆಯ್ತು. ಕಷ್ಟ ಸೂತ್ರದ್ದಲ್ಲ, ಮೌಸಿನದ್ದು. ಚುರುಕಾದವನೊಬ್ಬ ಅದನ್ನು ಹಿಡಿದರೆ ಉಳಿದವರು ಸುಮ್ನೆ ಕಿಟಕಿಯಾಚೆ ನೋಡುತ್ತಾರೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ತನ್ನ ಊರಿನ ಅಂಕಿಯನ್ನು ಯಾರೂ ತಾನೇ ಟೈಪ್ ಮಾಡುವಂತಿಲ್ಲ. ಓದಿ ಹೇಳುವವರು ಒಬ್ಬರು, ಒತ್ತುವವರು ಇನ್ನೊಬ್ಬರು, ಪರದೆ ನೋಡಿ ತಾಳೆ ಹಾಕುವವರು ಉಳಿದವರು. ದಿನಾ ಅದಲುಬದಲು.

ಇನ್ನು ಸ್ಪರ್ಧೆ. ‘ಯಾರೂರಲ್ಲಿ ಮಳೆ ಜಾಸ್ತಿ’ ಅಂತ ಮಾತ್ರ ಪಂದ್ಯ ಇಡಬೇಡಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆಯನ್ನು ಸೋಲಿಸಲು ಯಾವನಾದರೂ ಕ್ಯಾನಿಗೆ ಒಂದು ತಂಬಿಗೆ ನೀರು ಸುರಿದಾನು! ಪಂದ್ಯ ತಪ್ಪು ಹುಡುಕುವುದರಲ್ಲಿ ಇರಲಿ.

ಶನಿವಾರ ತಂಡಗಳು ಪಟ್ಟಿಯನ್ನೂ ನೋಟ್‌ಬುಕ್ಕುಗಳನ್ನೂ ಬದಲಾಯಿಸಿಕೊಳ್ಳಲಿ. ಎದುರಾಳಿಯ ಒಂದು ತಪ್ಪು ಸಿಕ್ಕರೆ ಒಂದು ಅಂಕ, ಸರಿಯಿದ್ದದ್ದನ್ನು ತಪ್ಪೆಂದರೆ ಒಂದು ಅಂಕ ಕಡಿತ. ಒಂದೂ ತಪ್ಪಿಲ್ಲದ ಪಟ್ಟಿಯ ತಂಡಕ್ಕೆ ಐದು ಅಂಕ. ಸಾಮಾನ್ಯವಾಗಿ ಸಿಗುವುದು ಮರೆತುಹೋದ ದಶಮಾಂಶ ಚುಕ್ಕಿ, ಒಂದು ದಿನ ಹಿಂದೆ ಸರಿದ ತಾರೀಖು. ಎಲ್ಲಕ್ಕಿಂತ ಕಳ್ಳ ತಪ್ಪು ಸೊನ್ನೆಯದ್ದು. ನಾಯಿ ಕ್ಯಾನ್ ಉರುಳಿಸಿದ ದಿನ ಮಗು 0 ಎಂದು ಬರೆದಿರುತ್ತದೆ. ಅಳೆಯಲಾಗದ ದಿನದ ಮನೆ (ಪಟ್ಟಿಯ ಸೆಲ್) ಖಾಲಿಯೇ ಇರಬೇಕು, ಆ ಸಾಲಿನ ಸೂತ್ರವನ್ನೂ ಅಳಿಸಬೇಕು; ಇಲ್ಲದಿದ್ದರೆ ಸೂತ್ರವೇ ಸೊನ್ನೆ ತೋರಿಸುತ್ತದೆ. ಖಾಲಿ ಮನೆಯನ್ನು ಕ್ಯಾಲ್ಕ್ ಸರಾಸರಿಗೆ ಹಿಡಿಯುವುದಿಲ್ಲ. ಸೊನ್ನೆ ಹಾಕಿದರೆ ಹಿಡಿಯುತ್ತದೆ, ಸರಾಸರಿ ಇಳಿಯುತ್ತದೆ. ಎರಡೂ ಥರ ಹಾಕಿ ಗ್ರಾಫ್ ತೋರಿಸಿ, ಮಕ್ಕಳೇ ಹೌಹಾರುತ್ತಾರೆ.

ಅಂದಹಾಗೆ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡಿಸಿ. ಮಳೆ ಜೋರಾದ ದಿನವೇ ಕರೆಂಟ್ ಹೋಗುವುದು, ಅಲ್ವಾ?